ಎಳೆ ಮಗುವಿನ ಮೈಮೇಲೆ ಗುಳ್ಳೆ: ಯಾವುದಕ್ಕೆ ಹೆದರಬೇಡಿ, ಯಾವುದಕ್ಕೆ ತಡಮಾಡಬೇಡಿ

(ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ತಾಯಿ-ಮಗು ಆರೋಗ್ಯ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಂಘದ ವಾರದ ಸಭೆಯಲ್ಲಿ ಓದಿ ಹೇಳಿ, ಚರ್ಚಿಸಿ.)



ಇವತ್ತು ನಾವು ಮಾತಾಡುವ ವಿಷಯ ಚಿಕ್ಕದು ಅಂತ ನಿಮಗೆ ಅನ್ನಿಸಬಹುದು. ಹುಟ್ಟಿದ ಮಗುವಿನ ಮೈಮೇಲೆ ಏಳುವ ಗುಳ್ಳೆ, ದದ್ದು, ಕೆಂಪು ಕಲೆಗಳು. "ಇದರಲ್ಲಿ ಏನಿದೆ ಸಿಸ್ಟರ್, ನಮ್ಮಜ್ಜಿ ಕಾಲದಿಂದಲೂ ನೋಡ್ತಾ ಬಂದಿದ್ದೀವಲ್ಲ" ಅಂತ ನೀವು ಹೇಳಬಹುದು. ಆದರೆ ಮನೆಮನೆ ಭೇಟಿಗೆ ಹೋದಾಗ ನಾನು ಕಂಡದ್ದು ಎರಡು ಬಗೆಯ ತಪ್ಪು. ಹೆದರಬೇಕಾಗಿಲ್ಲದ ಗುಳ್ಳೆಗೆ ಹೆದರಿ ದುಡ್ಡು, ನಿದ್ದೆ, ಬಾಣಂತಿಯ ಊಟ ಎಲ್ಲ ಕಳೆದುಕೊಳ್ಳುತ್ತೇವೆ. ಹೆದರಬೇಕಾದ ಗುಳ್ಳೆ ಬಂದಾಗ "ಉಷ್ಣ, ಹೋಗುತ್ತೆ ಬಿಡು" ಅಂತ ಮನೆಯಲ್ಲೇ ಕೂರುತ್ತೇವೆ.

ಒಂದು ಊರಿನಲ್ಲಿ ಮೂರು ದಿನದ ಮಗುವಿಗೆ ಮೈತುಂಬ ಕೆಂಪು ದದ್ದು ಎದ್ದಿತ್ತು. ಬಾಣಂತಿ ಬದನೆಕಾಯಿ ತಿಂದದ್ದಕ್ಕೆ ನಂಜಾಯಿತು ಅಂತ ಮನೆಯವರು ಆಕೆಗೆ ಬರೀ ಗಂಜಿ, ಬೆಳ್ಳುಳ್ಳಿ ಸಾರು ಕೊಟ್ಟರು. ಸಂಘದಿಂದ 4,000 ರೂಪಾಯಿ ಸಾಲ ಎತ್ತಿ ಮೂರು ಕಡೆ ಔಷಧಿ ಮಾಡಿಸಿದರು. ದದ್ದು ವಾರದಲ್ಲಿ ಹೋಯಿತು. ಅದು ಔಷಧಿ ಇಲ್ಲದೆಯೂ ಹೋಗುತ್ತಿತ್ತು. ಸಾಲ ಮಾತ್ರ ಉಳಿಯಿತು, ಬಾಣಂತಿ ಸೊರಗಿದಳು.

ಇನ್ನೊಂದು ಮನೆಯಲ್ಲಿ ಹನ್ನೆರಡು ದಿನದ ಮಗುವಿನ ಕಂಕುಳಲ್ಲಿ ಎರಡು ಕೀವಿನ ಗುಳ್ಳೆ. ಅರಿಶಿನ ಹಚ್ಚಿದರು. ಮರುದಿನ ಹೊಕ್ಕುಳ ಸುತ್ತ ಕೆಂಪಾಯಿತು. ಬೂದಿ ಹಚ್ಚಿದರು. ಅದರ ಮರುದಿನ ಮಗು ಹಾಲು ಚೀಪುವುದನ್ನು ಬಿಟ್ಟಿತು. 14ನೇ ದಿನದ ಭೇಟಿಗೆ ಬಂದ ಆಶಾ ಕಾರ್ಯಕರ್ತೆ ನೋಡಿ ಆ ಕ್ಷಣವೇ 108ಕ್ಕೆ ಫೋನ್ ಮಾಡಿದಳು. ಮಗು ಹತ್ತು ದಿನ ಜಿಲ್ಲಾ ಆಸ್ಪತ್ರೆಯಲ್ಲಿದ್ದು ಉಳಿಯಿತು. ಬೇರೊಂದು ಊರಿನಲ್ಲಿ ಇದೇ ತರಹದ ಮಗುವಿಗೆ ಎರಡು ದಿನ ತಡವಾಯಿತು. ಆ ಮಗು ಉಳಿಯಲಿಲ್ಲ.

ಹಾಗಾಗಿ ಯಾವ ಗುಳ್ಳೆ ಯಾವುದು ಅಂತ ಗುರುತಿಸುವುದನ್ನು ನಾವೆಲ್ಲ ಕಲಿಯೋಣ. ಇಲ್ಲಿ ಕುಳಿತಿರುವವರಲ್ಲಿ ಅರ್ಧ ಜನ ಅತ್ತೆಯಂದಿರು, ಅಜ್ಜಿಯಂದಿರು. ಬಾಣಂತನ ಮಾಡುವವರು, ಮಗುವಿಗೆ ನೀರೆರೆಯುವವರು ನೀವೇ. ಮಗುವಿನ ಮೈಯನ್ನು ದಿನವೂ ಪೂರ್ತಿ ನೋಡುವ ಕಣ್ಣು ನಿಮ್ಮದು. ಅದಕ್ಕೇ ಈ ಮಾತು ಮೊದಲು ನಿಮಗೆ.

ಎಳೆ ಚರ್ಮ ಹೇಗಿರುತ್ತೆ?

ಒಂಬತ್ತು ತಿಂಗಳು ನೀರಿನಲ್ಲಿದ್ದ ಮಗು ಒಮ್ಮೆಗೇ ಗಾಳಿಗೆ, ಬಟ್ಟೆಗೆ, ಬಿಸಿಲಿಗೆ, ಚಳಿಗೆ ಬರುತ್ತದೆ. ಅದರ ಚರ್ಮ ನಮ್ಮ ಚರ್ಮಕ್ಕಿಂತ ತೆಳು. ಬೆವರಿನ ನಾಳಗಳು ಇನ್ನೂ ಸರಿಯಾಗಿ ಬಲಿತಿರುವುದಿಲ್ಲ. ಇನ್ನೊಂದು ಸಂಗತಿ: ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ಜಾಸ್ತಿ. ಆದ್ದರಿಂದ ಮೈಗೆ ಹಚ್ಚಿದ್ದು ನಮಗಿಂತ ಹೆಚ್ಚಾಗಿ ಅದರ ರಕ್ತಕ್ಕೆ ಸೇರುತ್ತದೆ. "ಮೇಲೆ ಹಚ್ಚೋದು ತಾನೇ, ಕುಡಿಸಿಲ್ಲವಲ್ಲ" ಅನ್ನುವ ಮಾತು ಎಳೆ ಮಗುವಿಗೆ ಹೊಂದುವುದಿಲ್ಲ.

ಹುಟ್ಟಿದಾಗ ಮೈಮೇಲೆ ಬೆಣ್ಣೆ ಬಳಿದ ಹಾಗೆ ಬಿಳಿ ಪದರ ಇರುತ್ತದೆ. ಅದು ಕೊಳೆಯಲ್ಲ. ಚರ್ಮವನ್ನು ಕಾಯುವ ಹೊದಿಕೆ. ಅದನ್ನು ಉಜ್ಜಿ ತೆಗೆಯಬೇಡಿ. ಹುಟ್ಟಿದ ಮೊದಲ 24 ಗಂಟೆ ಸ್ನಾನ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಮೊದಲ ವಾರದಲ್ಲಿ ಕೈಕಾಲು, ಹೊಟ್ಟೆಯ ಮೇಲೆ ಚರ್ಮ ಸುಲಿದ ಹಾಗೆ ಏಳುತ್ತದೆ. ದಿನ ತುಂಬಿದ ಮೇಲೆ ಹುಟ್ಟಿದ ಮಗುವಿಗೆ ಇದು ಇನ್ನೂ ಜಾಸ್ತಿ. ಇದೂ ಕಾಯಿಲೆ ಅಲ್ಲ. ಕೈಯಿಂದ ಎಳೆಯಬೇಡಿ, ತಾನೇ ಉದುರುತ್ತದೆ.

ಹೆದರಬೇಕಾಗಿಲ್ಲದ ಗುಳ್ಳೆಗಳು

1. ಎರಡು-ಮೂರನೇ ದಿನದ ಕೆಂಪು ದದ್ದು. ಸೊಳ್ಳೆ ಕಚ್ಚಿದ ಹಾಗೆ ಅಲ್ಲಲ್ಲಿ ಕೆಂಪು ಕಲೆ, ಅದರ ನಡುವೆ ಹಳದಿ-ಬಿಳಿ ಬಣ್ಣದ ಸಣ್ಣ ಗುಳ್ಳೆ. ಮುಖ, ಎದೆ, ಬೆನ್ನು, ತೊಡೆಯ ಮೇಲೆ ಬರುತ್ತದೆ. ಬೆಳಿಗ್ಗೆ ಎದೆಯ ಮೇಲಿದ್ದದ್ದು ಸಂಜೆಗೆ ಮಾಯ, ಬೆನ್ನ ಮೇಲೆ ಹೊಸದು. ಅಂಗೈ, ಅಂಗಾಲಿನಲ್ಲಿ ಇರುವುದಿಲ್ಲ. ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಇದು ಬರಬಹುದು. ಮಗು ಚೆನ್ನಾಗಿ ಹಾಲು ಕುಡಿಯುತ್ತದೆ, ನಿದ್ದೆ ಮಾಡುತ್ತದೆ. ಒಂದೆರಡು ವಾರದೊಳಗೆ ತಾನೇ ಹೋಗುತ್ತದೆ. ಔಷಧಿ ಬೇಡ. ಇದು ಬಾಣಂತಿ ತಿಂದ ಯಾವ ಪದಾರ್ಥದಿಂದಲೂ ಬಂದದ್ದಲ್ಲ.

2. ಮೂಗಿನ ಮೇಲೆ ಬಿಳಿ ಚುಕ್ಕೆ. ರವೆ ಉದುರಿಸಿದ ಹಾಗೆ ಮೂಗು, ಕೆನ್ನೆ, ಗಲ್ಲದ ಮೇಲೆ ಕಾಣುತ್ತದೆ. ಚರ್ಮದ ಸಣ್ಣ ರಂಧ್ರಗಳಲ್ಲಿ ಕಟ್ಟಿಕೊಂಡ ಪದಾರ್ಥ ಅದು, ಕೀವಲ್ಲ. ಕೆಲವು ವಾರಗಳಲ್ಲಿ ಹೋಗುತ್ತದೆ. ಉಗುರಿನಿಂದ ಹಿಸುಕಿದರೆ ಗಾಯವಾಗಿ ನಿಜವಾದ ಕೀವು ಆಗುತ್ತದೆ.

3. ಬೆವರುಸಾಲೆ. ಇದು ನಮ್ಮ ಕಡೆ ಬಹಳ. ಬೆವರಿನ ನಾಳ ಮುಚ್ಚಿಕೊಂಡಾಗ ಬೆವರು ಚರ್ಮದೊಳಗೇ ನಿಂತು ಗುಳ್ಳೆಯಾಗುತ್ತದೆ. ಕೆಲವೊಮ್ಮೆ ಇಬ್ಬನಿ ಹನಿಯಂತೆ ತಿಳಿಯಾಗಿ, ಕೆಲವೊಮ್ಮೆ ಕೆಂಪಾಗಿ ಕತ್ತು, ಹಣೆ, ಕಂಕುಳು, ಬೆನ್ನಿನಲ್ಲಿ ಕಾಣುತ್ತದೆ. ಕಾರಣ ನಮ್ಮ ಪ್ರೀತಿಯೇ! ಬೇಸಿಗೆಯಲ್ಲೂ ಸ್ವೆಟರ್, ಟೋಪಿ, ಕಾಲುಚೀಲ, ಮೇಲೆ ಕಂಬಳಿ, ಕಿಟಕಿ ಮುಚ್ಚಿದ ಕೋಣೆ, ಅದರೊಳಗೆ ಕೆಂಡ, ಸಾಂಬ್ರಾಣಿ ಹೊಗೆ. ಮಗುವಿಗೆ ಎಷ್ಟು ಬಟ್ಟೆ ಬೇಕು? ಆ ಹೊತ್ತಿಗೆ ನೀವು ಹಾಕಿಕೊಂಡದ್ದಕ್ಕಿಂತ ಒಂದು ಪದರ ಜಾಸ್ತಿ ಸಾಕು. ಕಡು ಬೇಸಿಗೆಯಲ್ಲಿ ಅದೂ ಬೇಡ, ಒಂದು ತೆಳು ಹತ್ತಿ ಅಂಗಿ ಸಾಕು. ಕಿಟಕಿ ತೆಗೆಯಿರಿ. ಒದ್ದೆ ಬಟ್ಟೆಯಿಂದ ಬೆವರು ಒರೆಸಿ. ಗುಳ್ಳೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಆದರೆ ತೂಕ ಕಡಿಮೆ ಇರುವ ಮಗುವಿಗೆ ಈ ಲೆಕ್ಕ ಬೇರೆ. ಅದಕ್ಕೆ ಬೆಚ್ಚಗೆ ಇರಲೇಬೇಕು, ತಾಯಿಯ ಎದೆಗೆ ಒತ್ತಿಕೊಂಡು ಮಲಗಿಸುವುದು ಎಲ್ಲಕ್ಕಿಂತ ಒಳ್ಳೆಯದು.

4. ಎರಡು-ಮೂರನೇ ವಾರದ ಮೊಡವೆ. ಕೆನ್ನೆ, ಹಣೆಯ ಮೇಲೆ ಹರೆಯದವರ ಮೊಡವೆಯಂತೆ ಕೆಂಪು ಗುಳ್ಳೆ. ಎಣ್ಣೆ, ಕ್ರೀಮ್ ಹಚ್ಚಿದಷ್ಟೂ ಹೆಚ್ಚುತ್ತದೆ. ಬರೀ ನೀರಿನಿಂದ ತೊಳೆಯಿರಿ. ಕೆಲವು ವಾರಗಳಿಂದ ಮೂರು-ನಾಲ್ಕು ತಿಂಗಳೊಳಗೆ ಹೋಗುತ್ತದೆ.

5. ತಲೆಯ ಮೇಲಿನ ಹಕ್ಕಳೆ. ನೆತ್ತಿಯ ಮೇಲೆ ಹಳದಿ ಬಣ್ಣದ, ಜಿಡ್ಡಾದ ಪದರ. ಹುಬ್ಬಿನಲ್ಲೂ ಬರಬಹುದು. ಸ್ನಾನಕ್ಕೆ ಸ್ವಲ್ಪ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ, ಮೆತ್ತಗಾದ ಮೇಲೆ ಮೃದು ಬಟ್ಟೆಯಿಂದ ನಿಧಾನ ಒರೆಸಿ ತೊಳೆಯಿರಿ. ಎಣ್ಣೆಯನ್ನು ತಲೆಯಲ್ಲೇ ಬಿಡಬೇಡಿ. ಕೆರೆದು ಕೀಳಬೇಡಿ.

6. ನೀಲಿ ಮಚ್ಚೆ. ಸೊಂಟ, ಪೃಷ್ಠದ ಮೇಲೆ ಪೆಟ್ಟು ಬಿದ್ದ ಹಾಗೆ ನೀಲಿ-ಬೂದು ಬಣ್ಣ. ನಮ್ಮ ದೇಶದ ಮಕ್ಕಳಲ್ಲಿ ಬಹಳ ಸಾಮಾನ್ಯ. ಆಸ್ಪತ್ರೆಯಲ್ಲಿ ಮಗುವನ್ನು ಬೀಳಿಸಿದರು ಅಂತಲೋ, ಗ್ರಹಣ ನೋಡಿದಳು ಅಂತಲೋ ಜಗಳ ಬೇಡ. ಚರ್ಮದ ಬಣ್ಣದ ಕಣಗಳು ಸ್ವಲ್ಪ ಆಳದಲ್ಲಿ ಉಳಿದದ್ದರಿಂದ ಹಾಗೆ ಕಾಣುತ್ತದೆ. ಕೆಲವು ವರ್ಷಗಳಲ್ಲಿ ಮಸುಕಾಗುತ್ತದೆ.

ಕಚ್ಚೆಯ ಜಾಗದ ಕೆಂಪು

ಇದು ನಮ್ಮ ಕೈಯಲ್ಲೇ ಇರುವ ತೊಂದರೆ. ಉಚ್ಚೆ, ಕಕ್ಕಸಿನ ತೇವ ಚರ್ಮಕ್ಕೆ ಅಂಟಿಕೊಂಡೇ ಇದ್ದರೆ ಚರ್ಮ ಕೆಂಪಾಗಿ ಉರಿಯುತ್ತದೆ. ಈಗ ಹಳ್ಳಿ ಅಂಗಡಿಯಲ್ಲೂ ಡೈಪರ್ ಸಿಗುತ್ತದೆ. ಬೆಲೆ ಜಾಸ್ತಿ ಅಂತ ಒಂದನ್ನೇ ಬೆಳಿಗ್ಗೆಯಿಂದ ಸಂಜೆವರೆಗೆ ಹಾಕಿರುವುದನ್ನು ನೋಡಿದ್ದೇನೆ. ದುಡ್ಡು ಉಳಿಸಬೇಕಾದರೆ ಹಳೇ ಹತ್ತಿ ಸೀರೆಯ ಬಟ್ಟೆಯೇ ಒಳ್ಳೆಯದು.

ಮಾಡಬೇಕಾದದ್ದು: ಬಟ್ಟೆಯಾದರೆ ಒದ್ದೆಯಾದ ಕೂಡಲೇ, ಡೈಪರ್ ಆದರೆ ಎರಡು ಮೂರು ಗಂಟೆಗೊಮ್ಮೆ, ಕಕ್ಕಸು ಮಾಡಿದ ಕೂಡಲೇ ಬದಲಿಸಿ. ಬರೀ ನೀರಿನಿಂದ ತೊಳೆಯಿರಿ, ಉಜ್ಜದೆ ಒತ್ತಿ ಒರೆಸಿ. ಹೆಣ್ಣು ಮಗುವಿಗೆ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಹೊತ್ತು ಏನೂ ಕಟ್ಟದೆ ಗಾಳಿಯಾಡಲು ಬಿಡಿ. ತೆಳುವಾಗಿ ಕೊಬ್ಬರಿ ಎಣ್ಣೆ ಅಥವಾ ಜಿಂಕ್ ಆಕ್ಸೈಡ್ ಮುಲಾಮು ಹಚ್ಚಬಹುದು. ಬಟ್ಟೆಯನ್ನು ಸೋಪು ಉಳಿಯದ ಹಾಗೆ ಜಾಲಿಸಿ ಬಿಸಿಲಿಗೆ ಒಣಗಿಸಿ. ಮೈಲಿಗೆ ಅಂತ ಮನೆಯ ಹಿಂದಿನ ಕತ್ತಲ ಮೂಲೆಯಲ್ಲಿ ಒಣಹಾಕಬೇಡಿ.

ಇಷ್ಟು ಮಾಡಿದರೂ ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ, ತೊಡೆಸಂದಿಯ ಮಡಿಕೆಯ ಒಳಗೂ ಕಡುಕೆಂಪಾಗಿ ಸುತ್ತಲೂ ಸಣ್ಣ ಸಣ್ಣ ಕೆಂಪು ಚುಕ್ಕೆ ಇದ್ದರೆ ಅದು ಶಿಲೀಂಧ್ರದ ಸೋಂಕು. ಬಾಯಿ ತೆರೆದು ನೋಡಿ. ನಾಲಿಗೆ, ಕೆನ್ನೆಯ ಒಳಭಾಗದಲ್ಲಿ ಒರೆಸಿದರೂ ಹೋಗದ ಬಿಳಿ ಪದರ ಇದ್ದರೂ ಅದೇ. ಇದಕ್ಕೆ ವೈದ್ಯರು ಕೊಡುವ ಔಷಧಿ ಬೇಕು. ತಾಯಿಯ ಮೊಲೆತೊಟ್ಟಿಗೂ ಚಿಕಿತ್ಸೆ ಬೇಕಾಗಬಹುದು. ಎದೆಹಾಲು ನಿಲ್ಲಿಸಬೇಡಿ.

ತಡಮಾಡಬಾರದ ಗುರುತುಗಳು

ಸಹೋದರಿಯರೇ, ಇದನ್ನು ಗಮನವಿಟ್ಟು ಕೇಳಿ. ಬರೀ ಚರ್ಮ ನೋಡಿದರೆ ಸಾಲದು, ಮಗುವನ್ನು ನೋಡಬೇಕು. ಗುಳ್ಳೆ ಇದ್ದೂ ಮಗು ಗಟ್ಟಿಯಾಗಿ ಹಾಲು ಚೀಪುತ್ತಿದ್ದರೆ, ಎಚ್ಚರವಾಗಿದ್ದರೆ, ಮೈ ಬೆಚ್ಚಗಿದ್ದರೆ ನೆಮ್ಮದಿಯಿಂದ ಗಮನಿಸಬಹುದು. ಕೆಳಗಿನ ಯಾವುದಾದರೂ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು:

- ಕೀವು ತುಂಬಿದ ಗುಳ್ಳೆಗಳು ಅಥವಾ ದೊಡ್ಡ ಕುರು. ಒಂದೆರಡೇ ಇದ್ದರೂ ತೋರಿಸಿ. ಹೆಚ್ಚುತ್ತಿದ್ದರೆ ಒಂದು ಗಂಟೆಯೂ ಕಾಯಬೇಡಿ.
- ಹೊಕ್ಕುಳ ಸುತ್ತ ಕೆಂಪು, ಊತ, ಕೀವು, ಕೆಟ್ಟ ವಾಸನೆ.
- ನೀರು ತುಂಬಿದ ಗುಳ್ಳೆಗಳು ಗುಂಪಾಗಿ ಎದ್ದರೆ, ಅಥವಾ ಚರ್ಮ ಸುಟ್ಟ ಹಾಗೆ ಪದರ ಪದರವಾಗಿ ಕಿತ್ತು ಬಂದರೆ.
- ಅಂಗೈ, ಅಂಗಾಲಿನಲ್ಲಿ ಗುಳ್ಳೆ. ಇದು ಹುಟ್ಟಿನಿಂದ ಬಂದ ಸೋಂಕು ಇರಬಹುದು, ಕಜ್ಜಿಯೂ ಇರಬಹುದು. ಕಜ್ಜಿಯಾದರೆ ಮನೆಯವರಿಗೂ ರಾತ್ರಿ ತುರಿಕೆ ಇರುತ್ತದೆ, ಎಲ್ಲರೂ ಒಟ್ಟಿಗೆ ಔಷಧಿ ಹಚ್ಚಿಕೊಳ್ಳಬೇಕು.
- ಬೆರಳಿನಿಂದ ಒತ್ತಿದರೂ ಮಾಸದ ಕಡುಕೆಂಪು ಅಥವಾ ನೇರಳೆ ಚುಕ್ಕೆ. ಸಾಮಾನ್ಯ ಕೆಂಪು ಒತ್ತಿದಾಗ ಮಾಸಿ ಮತ್ತೆ ಬರುತ್ತದೆ. ಮಾಸದಿದ್ದರೆ ಚರ್ಮದ ಕೆಳಗೆ ರಕ್ತ ಬಂದಿದೆ ಅಂತ ಅರ್ಥ.
- ಹಾಲು ಚೀಪದಿರುವುದು, ಎಬ್ಬಿಸಿದರೂ ಏಳದೆ ಮಂಕಾಗಿರುವುದು, ಫಿಟ್ಸ್.
- ಮೈ ಬಿಸಿ, ಅಂದರೆ 99.5 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು. ಇಲ್ಲವೇ ಹೊಟ್ಟೆಯೂ ಪಾದವೂ ತಣ್ಣಗೆ.
- ಸುಮ್ಮನೆ ಮಲಗಿದ್ದಾಗ ಒಂದು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರು, ಪಕ್ಕೆ ಒಳಗೆ ಎಳೆಯುವುದು.
- ಹುಟ್ಟಿದ ಮೊದಲ ದಿನವೇ ಮೈ ಹಳದಿಯಾದರೆ, ಅಥವಾ ಯಾವಾಗಲಾದರೂ ಅಂಗೈ, ಅಂಗಾಲು ಹಳದಿಯಾದರೆ.

ಕಪ್ಪು ಮೈಬಣ್ಣದ ಮಗುವಿನಲ್ಲಿ ಕೆಂಪು ಬೇಗ ಕಾಣುವುದಿಲ್ಲ. ಹಗಲು ಬೆಳಕಿನಲ್ಲಿ ನೋಡಿ, ಬೆರಳಾಡಿಸಿ ನೋಡಿ. ಕತ್ತು, ಕಂಕುಳು, ತೊಡೆಸಂದಿಯ ಮಡಿಕೆಗಳನ್ನು ಬಿಡಿಸಿ ನೋಡಿ. ಕೀವಿನ ಗುಳ್ಳೆಗಳು ಅಡಗಿರುವುದು ಅಲ್ಲೇ.

"ಅಮ್ಮ" ಅನ್ನುವ ಸಿಡುಬಿನ ವಿಷಯವೂ ಹೇಳಬೇಕು. ಹೆರಿಗೆಗೆ 5 ದಿನ ಮುಂಚಿನಿಂದ ಹೆರಿಗೆಯಾಗಿ 2 ದಿನದೊಳಗೆ ತಾಯಿಗೆ ಸೀತಾಳೆ ಸಿಡುಬು ಎದ್ದರೆ ಮಗುವಿಗೆ ಅದು ಬಹಳ ಅಪಾಯ. ಬೇವಿನ ಸೊಪ್ಪು ಹಾಸಿ ಮನೆಯಲ್ಲೇ ಮಲಗಿಸಬೇಡಿ, ಕೂಡಲೇ ವೈದ್ಯರಿಗೆ ತಿಳಿಸಿ. ಮನೆಯಲ್ಲಿ ಬೇರೆ ಯಾರಿಗಾದರೂ ಬಂದಿದ್ದರೆ ಅವರು ಮಗುವಿನ ಕೋಣೆಗೆ ಬರಬಾರದು.

ಒಳ್ಳೆಯ ಮನಸ್ಸಿನಿಂದ ಮಾಡುವ ಕೆಟ್ಟ ಕೆಲಸಗಳು

ಬರೆ ಹಾಕುವುದು: ಗುಳ್ಳೆಗೆ, ಹೊಟ್ಟೆನೋವಿಗೆ, ಕಾಮಾಲೆಗೆ ಬಳೆ ಚೂರು, ಊದುಬತ್ತಿ, ಬಿಸಿ ಕಬ್ಬಿಣದಿಂದ ಸುಡುವುದು ಇನ್ನೂ ಪೂರ್ತಿ ನಿಂತಿಲ್ಲ. "ಗಾಯದ ಮೇಲೆ ಬರೆ" ಅನ್ನುವ ಗಾದೆ ನಮ್ಮದೇ. ಸುಟ್ಟ ಗಾಯದಿಂದ ಸೋಂಕು ರಕ್ತಕ್ಕೆ ಇಳಿದರೆ ಮಗು ಬದುಕುವುದು ಕಷ್ಟ. ನಿಮ್ಮ ಬೀದಿಯಲ್ಲಿ ಯಾರಾದರೂ ಇದಕ್ಕೆ ಹೊರಟರೆ ಸಂಘದವರು ಹೋಗಿ ತಡೆಯಿರಿ.

ಉಜ್ಜುವುದು: ಮಗು, ಅದರಲ್ಲೂ ಹೆಣ್ಣು ಮಗು, ಬೆಳ್ಳಗಾಗಲಿ ಅಂತ ಕಡಲೆಹಿಟ್ಟು, ಅರಿಶಿನ ಹಾಕಿ ತಿಕ್ಕುತ್ತೇವೆ. ಬಣ್ಣ ತಂದೆತಾಯಿಯಿಂದ ಬಂದದ್ದು, ತಿಕ್ಕಿದರೆ ಹೋಗುವುದಿಲ್ಲ. ಹೋಗುವುದು ಚರ್ಮದ ರಕ್ಷಣೆ. ಕೂದಲೂ ಹಾಗೇ, ಮೈಮೇಲಿನ ಎಳೆ ಕೂದಲು ತಾನೇ ಉದುರುತ್ತದೆ.

ಕರ್ಪೂರ: ಎಣ್ಣೆಗೆ ಕರ್ಪೂರ ಹಾಕಿ ಹಚ್ಚಬೇಡಿ. ಎಳೆ ಮಗುವಿಗೆ ಇದರಿಂದ ಫಿಟ್ಸ್ ಬರಬಹುದು.

ಅಂಗಡಿ ಟ್ಯೂಬ್: "ಎಲ್ಲದಕ್ಕೂ ಇದೊಂದೇ ಸಾಕು" ಅಂತ ಕೊಡುವ ಮುಲಾಮುಗಳಲ್ಲಿ ಬಹಳಷ್ಟರಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲ ದಿನ ಕೆಂಪು ಇಳಿಯುತ್ತದೆ, ನಮಗೆ ಖುಷಿ. ಆಮೇಲೆ ಚರ್ಮ ತೆಳುವಾಗುತ್ತದೆ, ಶಿಲೀಂಧ್ರ ಬೆಳೆಯುತ್ತದೆ. ವೈದ್ಯರ ಚೀಟಿ ಇಲ್ಲದೆ ಎಳೆ ಮಗುವಿಗೆ ಯಾವ ಟ್ಯೂಬೂ ಬೇಡ.

ಹಾಗಾದರೆ ಸ್ನಾನ ಹೇಗೆ? ಎಣ್ಣೆ ಹಚ್ಚಿ ನೀರೆರೆಯುವ ನಮ್ಮ ಪದ್ಧತಿಯನ್ನು ಬಿಡಬೇಕಾಗಿಲ್ಲ. ಶುದ್ಧ ಕೊಬ್ಬರಿ ಎಣ್ಣೆ ಎಳೆ ಚರ್ಮಕ್ಕೆ ಒಳ್ಳೆಯದು. ಮೃದುವಾಗಿ ಸವರಿ, ತಿಕ್ಕಬೇಡಿ. ಮೂಗಿಗೆ, ಕಿವಿಗೆ, ಹೊಕ್ಕುಳಿಗೆ ಎಣ್ಣೆ ಬಿಡಬೇಡಿ. ನೀರು ಮೊಳಕೈಗೆ ಉಗುರುಬೆಚ್ಚಗೆ ಅನ್ನಿಸಬೇಕು, ಹಬೆಯಾಡಬಾರದು. ಐದು-ಹತ್ತು ನಿಮಿಷದಲ್ಲಿ ಮುಗಿಸಿ. ಸೋಪು ದಿನಾ ಬೇಕಿಲ್ಲ. ಮಡಿಕೆಗಳನ್ನು ಒಣ ಬಟ್ಟೆಯಿಂದ ಒತ್ತಿ ಒರೆಸಿ. ತೂಕ ಕಡಿಮೆ ಇರುವ ಮಗುವಿಗೆ ಸ್ನಾನ ಯಾವಾಗ ಅಂತ ನರ್ಸ್ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಎಲ್ಲಕ್ಕಿಂತ ಮೊದಲು, ಮಗುವನ್ನು ಮುಟ್ಟುವವರು ಸೋಪು ಹಾಕಿ ಕೈ ತೊಳೆಯಬೇಕು. ನೋಡಲು ಬರುವ ನೆಂಟರಿಗೂ ಸಂಕೋಚವಿಲ್ಲದೆ ಹೇಳಿ.

ಖರ್ಚಿನ ಚಿಂತೆ

ಆಸ್ಪತ್ರೆ ಅಂದರೆ ಸಾಲ ಅಂತ ಹಿಂಜರಿಯಬೇಡಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯಾದ ನವಜಾತ ಶಿಶುವಿಗೆ ಚಿಕಿತ್ಸೆ, ಔಷಧಿ, ಪರೀಕ್ಷೆ, ಹೋಗಿಬರುವ ವಾಹನ ಉಚಿತ. ಮೊದಲು 30 ದಿನದವರೆಗೆ ಇದ್ದದ್ದನ್ನು ನಂತರ ಒಂದು ವರ್ಷದವರೆಗೆ ವಿಸ್ತರಿಸಿದ್ದಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೇ ವಿಶೇಷ ಘಟಕಗಳಿವೆ. 108 ಆಂಬುಲೆನ್ಸ್‌ಗೆ ದುಡ್ಡಿಲ್ಲ. ತಾಯಿ ಕಾರ್ಡ್ ಕೈಯಲ್ಲಿರಲಿ. ದಾರಿಯಲ್ಲಿ ಮಗುವನ್ನು ಎದೆಗೊತ್ತಿ ಬೆಚ್ಚಗೆ ಇಟ್ಟುಕೊಳ್ಳಿ, ಚೀಪಿದರೆ ಹಾಲು ಕೊಡುತ್ತಾ ಹೋಗಿ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಮನೆಯಲ್ಲಿ ಹೆರಿಗೆಯಾದರೆ ಮೊದಲ ದಿನವೂ ಬರಬೇಕು. ಆಕೆ ಬಂದಾಗ "ಮಗು ಮಲಗಿದೆ, ಮತ್ತೆ ಬಾ" ಅಂತ ಕಳಿಸಬೇಡಿ. ಬಟ್ಟೆ ಬಿಚ್ಚಿ ಪೂರ್ತಿ ಮೈ ತೋರಿಸಿ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು

"ಪೌಡರ್ ಹಾಕಬಹುದಾ ಸಿಸ್ಟರ್?" ಬೇಡಮ್ಮ. ಹುಡಿ ಉಸಿರಿನ ಜೊತೆ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಮಡಿಕೆಯಲ್ಲಿ ಬೆವರಿನ ಜೊತೆ ಗಂಟಾಗಿ ಚರ್ಮ ಕೆರೆಯುತ್ತದೆ.

"ಇಂಜೆಕ್ಷನ್ ಕೊಟ್ಟ ಎಡತೋಳಿನಲ್ಲಿ ಗುಳ್ಳೆಯಾಗಿ ಕೀವು ಬಂತಲ್ಲ?" ಅದು ಹುಟ್ಟಿದಾಗ ಕೊಡುವ ಬಿಸಿಜಿ ಲಸಿಕೆಯ ಗುರುತು. ಕೆಲವು ವಾರಗಳ ನಂತರ ಸಣ್ಣ ಗುಳ್ಳೆಯಾಗಿ, ಒಡೆದು, ಒಣಗಿ ಕಲೆ ಉಳಿಯುತ್ತದೆ. ಏನೂ ಹಚ್ಚಬೇಡಿ, ಹಿಸುಕಬೇಡಿ. ಕಂಕುಳಲ್ಲಿ ದೊಡ್ಡ ಗಂಟಾದರೆ ಮಾತ್ರ ತೋರಿಸಿ.

"ಬಾಣಂತಿ ಪಥ್ಯ ಮಾಡಬೇಡವೇ?" ನಾನು ಹೇಳಿದ ಸಾಮಾನ್ಯ ಗುಳ್ಳೆಗಳಿಗೂ ಬಾಣಂತಿಯ ಊಟಕ್ಕೂ ಸಂಬಂಧ ಇಲ್ಲ. ಆಕೆಗೆ ಸೊಪ್ಪು, ಬೇಳೆ, ತರಕಾರಿ, ಹಣ್ಣು, ತಿನ್ನುವವರಿಗೆ ಮೊಟ್ಟೆ, ಮೀನು ಎಲ್ಲ ಬೇಕು. ದಿನಕ್ಕೆ ಒಂದು ಹೊತ್ತಿನ ಊಟದಷ್ಟು ಹೆಚ್ಚೇ ತಿನ್ನಬೇಕು. ಮಗುವಿನ ಮೈಮೇಲೆ ಗುಳ್ಳೆ ಕಂಡ ಕೂಡಲೇ ತಾಯಿಯ ತಟ್ಟೆ ಕಿತ್ತುಕೊಳ್ಳುವುದು ಅನ್ಯಾಯ.

ಮುಂದಿನ ಸಭೆಯೊಳಗೆ ಪ್ರತಿ ಸಂಘವೂ ಮೂರು ಕೆಲಸ ಮಾಡಿ. ಒಂದು, ನಿಮ್ಮ ಬೀದಿಯಲ್ಲಿ ಈ ತಿಂಗಳು ಹೆರಿಗೆಯಾದ, ಆಗಲಿರುವ ಮನೆಗಳ ಪಟ್ಟಿ ಬರೆಯಿರಿ. ಎರಡು, ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಆ ಮನೆಗಳ ಗೋಡೆಯ ಮೇಲೆ ಬರೆಸಿ. ಮೂರು, ಇಬ್ಬರು ಸದಸ್ಯೆಯರು ಹೋಗಿ "ತಡಮಾಡಬಾರದ ಗುರುತುಗಳು" ಭಾಗವನ್ನು ಅತ್ತೆ, ಸೊಸೆ, ಮಗ ಮೂವರಿಗೂ ಕೂರಿಸಿ ಓದಿ ಹೇಳಿ. ಮಗನನ್ನು ಬಿಡಬೇಡಿ, ರಾತ್ರಿ ಹೊತ್ತು ಗಾಡಿ ಮಾಡಿಸಬೇಕಾದವನು ಅವನೇ.

ಉಳಿತಾಯದ ಪುಸ್ತಕ ತಪ್ಪಿಲ್ಲದೆ ಬರೆಯಲು ಕಲಿತವರು ನೀವು. ಮಗುವಿನ ಮೈ ಓದಲು ಕಲಿಯುವುದು ನಿಮಗೆ ಕಷ್ಟವಲ್ಲ.